ಕೂತ್ಕೊಳ್ಳಿ ಅತ್ತೆ

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವಳನ್ನು ಎಲ್ಲರೂ ಉಡದಮ್ಮ ಎನ್ನುತ್ತಿದ್ದರು. ಒದ್ದೆ ಚಾದರದ ಒಂದು ತುದಿ ಅವಳ ಕೈಗೆ ಸಿಕ್ಕಿತೆಂದರೆ, ಹಿಂಡುವಾಗ ಇನ್ನೊಂದು ತುದಿ ಹಿಡಿದ ಗಂಡಾಳೂ ಮುಗ್ಗರಿಸಬೇಕು. ನಿವೃತ್ತಿಯಾಗಿ ಮನೆ ಸೇರಿದ ಮೇಲೆ ಆ ಕೈಗೆ ಸಿಕ್ಕಿದವಳು ಸೊಸೆ.

ಬೇಳೆ, ಸಕ್ಕರೆ, ಬೆಲ್ಲ, ಯಾವ ಡಬ್ಬದ ಮುಚ್ಚಳವನ್ನೂ ಉಡದಮ್ಮ ಬಿಗಿದಿಟ್ಟರೆ, ಸೊಸೆ ಜಪ್ಪಯ್ಯ ಎಂದರೂ ಅದು ಅಲುಗುತ್ತಿರಲಿಲ್ಲ.

"ಅತ್ತೆ, ಸ್ವಲ್ಪ ತೆಗೆದುಕೊಡಿ."

"ಗಾಳಿ ತಿನ್ಸಿ ಸಾಕಿದ್ನೇನೇ ನಿಮ್ಮಪ್ಪ?"

ಬಸುರಿ ಸೊಸೆ ಮಟಮಟ ಮಧ್ಯಾಹ್ನ ಹಸಿದು, ಡಬ್ಬ ಹಿಡಿದು ಬಾಗಿಲಲ್ಲಿ ನಿಂತಿದ್ದರೆ, ಉಡದಮ್ಮ ಎಚ್ಚರವಿದ್ದೂ ಕಣ್ಣು ಮುಚ್ಚಿಕೊಂಡೇ ಮಲಗಿರುತ್ತಿದ್ದಳು.

ವರ್ಷಗಳು ಉರುಳಿದವು. ತೋಳಿನ ಚರ್ಮ ಜೋತುಬಿತ್ತು. ಮೆಟ್ಟಿಲು ಹತ್ತುವಾಗ ತೊಡೆ ನಡುಗತೊಡಗಿತು. ಸೊಸೆಯೇ ಡಾಕ್ಟರ ಬಳಿ ಕರೆದುಕೊಂಡು ಹೋದಳು.

"ವಯಸ್ಸಾದ ಹಾಗೆ ಮಾಂಸಖಂಡದ ಎಳೆಗಳು ಸಣ್ಣಗಾಗ್ತವೆ, ಕೆಲವು ಇಲ್ಲದೇ ಹೋಗ್ತವೆ. ಆ ಜಾಗಕ್ಕೆ ಕೊಬ್ಬು ಬಂದು ಕೂರುತ್ತೆ," ಎಂದರು ಡಾಕ್ಟರು. "ಮೊಟ್ಟೆ, ಬೇಳೆ ಚೆನ್ನಾಗಿ ತಿನ್ನಿ. ಕುರ್ಚಿಯಿಂದ ಏಳೋದು, ಕೂರೋದು ಮಾಡ್ತಾ ಇರಿ. ಕೂತಲ್ಲೇ ಕೂತ್ರೆ ಉಳಿದಿರೋದೂ ಹೋಗುತ್ತೆ."

ಸೊಸೆ ಮೈಯೆಲ್ಲ ಕಿವಿಯಾಗಿ ಕೇಳಿದಳು.

ಮಾರನೆಯ ದಿನದಿಂದ ಅವಳು ಬೆಣ್ಣೆಯಂತಾದಳು. ಕಿಟಕಿಯ ಪಕ್ಕ ಮೆತ್ತನೆಯ ಕುರ್ಚಿ ಬಂತು. ಉಡದಮ್ಮ ಏಳಹೊರಟರೆ ಸಾಕು, ಭುಜದ ಮೇಲೆ ಕೈ. "ಕೂತ್ಕೊಳ್ಳಿ ಅತ್ತೆ, ನಾನಿಲ್ವಾ?" ಮೊಟ್ಟೆಯೂ ಇಲ್ಲ, ಬೇಳೆಯೂ ಇಲ್ಲ. "ಜೀರ್ಣ ಆಗಲ್ಲ ಅವರಿಗೆ," ಎಂದು ಗಂಡನಿಗೆ ಹೇಳಿ ಬರೀ ತೆಳು ಗಂಜಿ.

ಉಡದಮ್ಮನಿಗೆ ಅರ್ಥವಾಗಲು ಹೆಚ್ಚು ಕಾಲ ಹಿಡಿಯಲಿಲ್ಲ. ಡಾಕ್ಟರ ಮಾತನ್ನು ಅವಳೂ ಕೇಳಿದ್ದಳಲ್ಲ. ಸಂಜೆ ಮಗ ಬಂದಾಗ ಅವನ ಅಂಗಿ ಹಿಡಿದೆಳೆದಳು.

"ಅವಳು ನನ್ನ ಕೊಲ್ತಿದಾಳೆ ಕಣೋ."

"ಏನಮ್ಮ ಮಾಡಿದ್ಲು?"

"ಕೂರಿಸ್ತಾಳೆ."

ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. ಹೆಂಡತಿಯನ್ನು ಕರೆದು ಅವಳಿಗೂ ಹೇಳಿದ. ಅವಳೂ ನಕ್ಕಳು.

ಸೊಸೆ ಪೇಟೆಗೆ ಹೋದಾಗ ಉಡದಮ್ಮ ಕುರ್ಚಿಯ ಮುಂದಿದ್ದ ಮೇಜಿನ ಅಂಚು ಹಿಡಿದು ಏಳತೊಡಗಿದಳು. ಮೊದಮೊದಲು ಅರ್ಧಕ್ಕೇ ಕುಸಿದಳು. ಆಮೇಲೊಂದು ದಿನ ನೆಟ್ಟಗೆ ನಿಂತೇಬಿಟ್ಟಳು. ಕಣ್ಣಲ್ಲಿ ನೀರು ಬಂತು. ಆದರೆ ಮೇಜಿನ ಬಟ್ಟೆ ಒಂದು ಕಡೆಗೆ ಜಗ್ಗಿದ್ದನ್ನು ಸರಿಮಾಡಲು ಮರೆತಳು. ಮಾರನೆಯ ಬೆಳಿಗ್ಗೆ ಮೇಜು ಎದುರಿನ ಗೋಡೆಗೆ ಹೋಗಿತ್ತು.

ಚಳಿಗಾಲ ಮುಗಿಯುವಷ್ಟರಲ್ಲಿ ತೊಡೆಗಳು ಕಡ್ಡಿಯಾದವು. ಬಚ್ಚಲಿಗೆ ಹೋಗಬೇಕೆಂದು ಕೂಗಿದರೆ ಸೊಸೆ "ಬಂದೆ, ಬಂದೆ" ಎನ್ನುತ್ತಿದ್ದಳು, ಬರುತ್ತಿದ್ದುದು ಎಲ್ಲ ಆದ ಮೇಲೆ. ಆಮೇಲೆ ಬೆಚ್ಚಗಿನ ನೀರಲ್ಲಿ ಒರೆಸಿ, ಮೆಲ್ಲಗೆ ಬಟ್ಟೆ ಬದಲಿಸುತ್ತಿದ್ದಳು. ಒಮ್ಮೆ ಪಕ್ಕದ ಮನೆಯಾಕೆ ಇದನ್ನು ನೋಡಿ ಮೂಗಿನ ಮೇಲೆ ಬೆರಳಿಟ್ಟಳು.

"ಹೆತ್ತ ಮಗಳೂ ಇಷ್ಟು ಮಾಡಲ್ಲಮ್ಮ. ಪುಣ್ಯ ಮಾಡಿದೀರಿ ನೀವು!"

ಹೇಳಿಬಿಡಬೇಕೆಂದು ಉಡದಮ್ಮ ಬಾಯಿ ತೆರೆದಳು. ಸೊಸೆ ಅದರೊಳಗೆ ಒಂದು ಚಮಚ ಗಂಜಿ ಇಟ್ಟಳು.