ದಿಂಬಿನ ರಾಣಿಯ ಕುಪ್ಪಸ

ಬಾಗಿಲಿಗೆ ಅಡ್ಡ ಇದ್ದ ಕುರ್ಚಿಗಳನ್ನು ತಂಗಿ ಒಂದೊಂದಾಗಿ ಗೋಡೆಯ ಬದಿಗೆ ಎಳೆಯುತ್ತಿದ್ದಳು. ತೀರಿಕೊಂಡ ಅಕ್ಕನನ್ನು ಹೊರಗೆ ತರಲು ದಾರಿ ಬೇಕಿತ್ತು. "ಸೂಜಿ ಇರುತ್ತೆ, ನೋಡಿ ಕೂರು" ಎಂದು ಬಂದವರನ್ನೆಲ್ಲ ಗದರುತ್ತಿದ್ದವಳು ಈಗ ಯಾರ ತಂಟೆಗೂ ಹೋಗದೆ ಮಲಗಿದ್ದಳು.

ಮೂವತ್ತು ವರ್ಷ ಅರಮನೆಯ ಮ್ಯೂಸಿಯಂನಲ್ಲಿ ಹಳೆಯ ಬಟ್ಟೆಗಳನ್ನು ಜೋಪಾನ ಮಾಡಿದವಳು ಅಕ್ಕ. ಅದೇ ಮೇಜಿನ ಆಚೆ ಬದಿ ಹದಿನೆಂಟು ವರ್ಷ ಕೂತಿದ್ದ ಜೊತೆಗಾತಿ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದಳು. "ಒಡಹುಟ್ಟಿದವಳಿಗಿಂತ ಹೆಚ್ಚು" ಎಂದು ಪಕ್ಕದ ಮನೆಯವರು ಪಿಸುಗುಟ್ಟಿದ್ದು ಒಡಹುಟ್ಟಿದವಳ ಕಿವಿಗೂ ಬಿತ್ತು. ಬೇಜಾರೇನೂ ಆಗಲಿಲ್ಲ, ನಿಜವೇ ಇರಬಹುದು ಅಂದುಕೊಂಡಳು.

ಮ್ಯೂಸಿಯಂನ ಕಾವಲುಗಾರ ಕೈಮುಗಿದ. "ಸಾಹೇಬ್ರಿಗೆ ಬರೋಕಾಗ್ಲಿಲ್ಲಮ್ಮ. ಇವತ್ತೇ ಹೊಸ ಪ್ರದರ್ಶನ ಶುರು. ಅಕ್ಕ ಇದ್ದಿದ್ರೆ ಕಣ್ತುಂಬ ನೋಡ್ತಿದ್ರು. ರಾಣಿ ಕುಪ್ಪಸ ಒಗೆದು ಇಸ್ತ್ರಿ ಮಾಡಿ ಇಟ್ಟವ್ರೆ, ಹೊಸದರ ಹಾಗೆ ಹೊಳೀತದೆ."

ತಂಗಿಯ ಕೈ ಕುರ್ಚಿಯ ಮೇಲೆಯೇ ನಿಂತಿತು.

*

ಹಿಂದೆ ಆ ಅರಮನೆಯ ರಾಜ, ಇಬ್ಬರು ರಾಣಿಯರು ಎಲ್ಲ ಸತ್ತ ಮೇಲೆ ಆಸ್ಥಾನದವನೊಬ್ಬ ನೆನಪಿನ ಪುಸ್ತಕ ಬರೆದಿದ್ದ. ಕಿರಿ ರಾಣಿ ಬಸುರಿಯೇ ಆಗಿರಲಿಲ್ಲ, ಹೊಟ್ಟೆಗೆ ದಿಂಬು ಕಟ್ಟಿಕೊಂಡು ಓಡಾಡಿದಳು, ಹಿರಿ ರಾಣಿ ಗುಟ್ಟಾಗಿ ಹೊರಗಿನಿಂದ ಕೂಸು ತರಿಸಿದಳು ಎಂದು. ಸತ್ತವರು ಎದ್ದು ಬಂದು ಇಲ್ಲ ಅನ್ನುತ್ತಾರೆಯೇ? ಊರಿಗೆ ಊರೇ ನಂಬಿತು.

ಹನ್ನೊಂದು ವರ್ಷದ ಹಿಂದೆ ಅಕ್ಕ ತಂಗಿಯನ್ನು ಕೆಲಸದ ಕೋಣೆಗೆ ಕರೆದೊಯ್ದು, ಕಿರಿ ರಾಣಿಯ ಸೊಂಟದವರೆಗೆ ಬರುವ ಕುಪ್ಪಸದ ಒಳಮಗ್ಗುಲು ತೋರಿಸಿದ್ದಳು.

"ನೋಡೇ, ಪಕ್ಕದ ಹೊಲಿಗೆ ಬಿಚ್ಚಿ ಬಿಚ್ಚಿ ಅಗಲ ಮಾಡಿದಾರೆ."

"ದಿಂಬು ಕಟ್ಟಿದ್ರೂ ಬಿಚ್ಚಬೇಕಲ್ವಾ?"

"ಬಿಚ್ಚಬೇಕು. ಆದ್ರೆ ಎದೆ ಹತ್ರ ಈ ಹಳದಿ ಕಲೆ? ಹಾಲು ಕಣೇ. ದಿಂಬಿಗೆ ಹಾಲು ಬರುತ್ತಾ?" ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಆಮೇಲೆ ಗಂಭೀರವಾದಳು. "ಸೂಜಿ ಹಿಡಿಯೋಳ ಮಾತು ಯಾರು ಕೇಳ್ತಾರೆ? ತಜ್ಞರು ಬಂದು ಪರೀಕ್ಷೆ ಮಾಡೋವರೆಗೂ ಇದಕ್ಕೆ ನೀರು ಸೋಕಬಾರದು. ಇಬ್ಬರು ಹೆಣ್ಣುಮಕ್ಕಳ ಮಾನ ಇದರಲ್ಲಿದೆ."

ತಜ್ಞರು ಬರಲಿಲ್ಲ. ಆಸ್ಪತ್ರೆ ಸೇರಿದ ಮೇಲೂ ಅಕ್ಕನಿಗೆ ದಿನಾ ಅದೇ ಚಿಂತೆ: ಕುಪ್ಪಸ ಹಾಗೇ ಇದೆಯಾ, ಕೇಳು. ತಂಗಿ ಜೊತೆಗಾತಿಗೆ ಫೋನ್ ಮಾಡುವಳು. "ಹಾಗೇ ಇದೆ ಅನ್ನಿ" ಎನ್ನುವಳು ಆಕೆ. ತಂಗಿ ಬಗ್ಗಿ ಅದನ್ನೇ ಅಕ್ಕನ ಕಿವಿಯಲ್ಲಿ ಹೇಳುವಳು. ಅಕ್ಕ ಆಮೇಲೆ ನಿದ್ದೆ ಮಾಡುತ್ತಿದ್ದಳು.

*

"ಯಾವಾಗ ಒಗೆದ್ರಿ?" ತಂಗಿ ಜೊತೆಗಾತಿಯತ್ತ ತಿರುಗಿದಳು.

ಜೊತೆಗಾತಿಯ ಅಳು ನಲ್ಲಿ ತಿರುಗಿಸಿದಂತೆ ನಿಂತಿತು.

"ಹೋದ ತಿಂಗಳು. ಕಲೆ ಇರೋದನ್ನ ಗಾಜಿನೊಳಗೆ ಇಡಲ್ಲ ಅಂದ್ರು ಸಾಹೇಬ್ರು. ಒಗೆದುಕೊಟ್ರೆ ಅಕ್ಕನ ಜಾಗ ನಂಗೇ ಅಂದ್ರು. ಅಕ್ಕ ಇನ್ನು ವಾಪಸ್ ಬರಲ್ಲ ಅಂತ ಎಲ್ಲರಿಗೂ ಗೊತ್ತಿತ್ತಲ್ಲ..."

"ಮೊನ್ನೆ ಕೂಡ ಕೇಳಿದ್ನಲ್ಲ ನಾನು!"

"ಸಾಯೋರಿಗೆ ಯಾಕೆ ನೋವು ಕೊಡೋದು ಅಂತ..."

"ಸುಳ್ಳನ್ನ ನನ್ನ ಬಾಯಲ್ಲಿ ಹೇಳಿಸಿದ್ರಲ್ಲ!"

ತಂಗಿಗೆ ಮೈಯೆಲ್ಲ ಉರಿಯಿತು. ನಂಬಿಸಿ ಕತ್ತು ಕೊಯ್ದವಳು ಇವಳು, ಕತ್ತಿ ಹಿಡಿದ ಕೈ ಮಾತ್ರ ತನ್ನದು. ಜೊತೆಗಾತಿ ಕೊನೆಯ ಸಲ ಮುಖ ನೋಡಲು ಎದ್ದಾಗ ತಂಗಿ ಅಡ್ಡ ನಿಂತು, ಅಕ್ಕನ ಮುಖದ ಮೇಲೆ ಬಟ್ಟೆ ಎಳೆದಳು. "ಹೊತ್ತಾಯ್ತು, ಎತ್ತಿ" ಎಂದಳು.

ಮಣ್ಣು ಕೊಟ್ಟು ಬಂದವಳು ಮನೆಗೆ ಹೋಗಲಿಲ್ಲ, ನೆಟ್ಟಗೆ ಮ್ಯೂಸಿಯಂಗೆ ನಡೆದಳು. ಗಾಜಿನ ಪೆಟ್ಟಿಗೆಯೊಳಗೆ ಕುಪ್ಪಸ ಬೆಳ್ಳಗೆ ನಗುತ್ತಿತ್ತು. ಎದೆಯ ಬಳಿ ಏನೂ ಇರಲಿಲ್ಲ. ಕೆಳಗೆ ಇಬ್ಬರು ರಾಣಿಯರ ಚಿತ್ರ, ಅದರಡಿ ಆಸ್ಥಾನದವನ ಪುಸ್ತಕದಿಂದ ಎತ್ತಿದ ಸಾಲುಗಳು, ದಪ್ಪಕ್ಷರದಲ್ಲಿ: "ದಿಂಬಿನ ರಾಣಿ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. "ಮೇಡಂ, ಸ್ವಲ್ಪ ಸರೀತೀರಾ? ಬೋರ್ಡ್ ಕಾಣ್ತಿಲ್ಲ, ಫೋಟೊ ತೆಗೀಬೇಕು."

ತಂಗಿ ತಿರುಗಿ ಗಾಜಿಗೆ ಬೆನ್ನು ಕೊಟ್ಟು ನಿಂತಳು.

"ಇದರಲ್ಲಿ ಹಾಲಿನ ಕಲೆ ಇತ್ತು," ಎಂದಳು. "ನಾನು ನೋಡಿದೀನಿ."

ಫೋನು ಹಿಡಿದವನು ಎಡಕ್ಕೆ ಬಂದ. ಮಣ್ಣು ಮೆತ್ತಿದ ಕಾಲಲ್ಲಿ ಅವಳೂ ಅತ್ತ ಸರಿದಳು. ಅವನು ಬಲಕ್ಕೆ ಬಂದ. ಅವಳೂ ಬಲಕ್ಕೆ ಸರಿದಳು.