ತಿರುಗುವ ಕಂಬ

ಕಂಬ ತಿರುಗಲಿಲ್ಲ. ಬಾಂಗು ಕೊಡುವ ಮುಅಜ್ಜಿನ್ ಶೆರಾಫೆತ್ತಿನ್ ಅಂಗೈಯನ್ನು ಅಂಗಿಗೆ ಒರೆಸಿಕೊಂಡು, ಬಿಸ್ಮಿಲ್ಲಾ ಎಂದು ಮತ್ತೊಮ್ಮೆ ಹಿಡಿದ. ಇಲ್ಲ.

ಬುರ್ಸಾದ ಮೇಲುಕೇರಿಯ ಆ ಮಸೀದಿಯಲ್ಲಿ, ನಮಾಜಿನ ದಿಕ್ಕು ತೋರುವ ಮಿಹ್ರಾಬಿನ ಪಕ್ಕದ ಗೂಡಿನೊಳಗೆ ಆ ತೋಳುದಪ್ಪದ ಹಸಿರುಕಲ್ಲಿನ ಕಂಬವನ್ನು ನಿಲ್ಲಿಸಿ ಆರುನೂರು ವರ್ಷವಾಗಿತ್ತು. ಗೋಡೆ ನೆಟ್ಟಗಿರುವವರೆಗೆ ಅದು ಕೈಗೆ ತಿರುಗುತ್ತದೆ. ಗೋಡೆ ಕುಸಿಯತೊಡಗಿದರೆ ಭಾರವೆಲ್ಲ ತಲೆಯ ಮೇಲೆ ಕೂತು ಬಿಗಿದುಕೊಳ್ಳುತ್ತದೆ. ಕಟ್ಟಿದವರು ಹಾಗೆಂದೇ ಇಟ್ಟದ್ದು. ಶುಕ್ರವಾರ ಬೆಳಿಗ್ಗೆ ಅದನ್ನೊಮ್ಮೆ ತಿರುಗಿಸಿ ಬೀಸುಕಲ್ಲಿನಂಥ ಗೊರಗೊರ ಕೇಳಿಸಿಕೊಳ್ಳುವುದು ಇಲ್ಲಿನ ಮುಅಜ್ಜಿನರ ಪದ್ಧತಿ.

ಮೊನ್ನೆ ನೆಲ ಸಣ್ಣಗೆ ನಡುಗಿತ್ತು. ಈಚೆಗೆ ಅವನ ಕೈಯೂ ನಡುಗುತ್ತಿತ್ತು. ದೋಷ ಕೈಯದ್ದಾಗಿರಲಿ ಎಂದು ಬೇಡಿಕೊಂಡ. ಕಂಬದ್ದಾದರೆ ಬಾಗಿಲಿಗೆ ಬೀಗ, ರಿಪೇರಿಗೆ ಎಷ್ಟು ವರ್ಷವೋ. ಹೆಂಡತಿ ಸೆನಿಹಾ ತೀರಿಕೊಂಡ ಮೇಲೆ ಅವನು ಮಲಗುತ್ತಿದ್ದದ್ದು ಹಿಂದೆ ದರವೇಶಿಗಳು ತಂಗುತ್ತಿದ್ದ, ಮಸೀದಿಯದೇ ಪಕ್ಕದ ಕೋಣೆಯಲ್ಲಿ. ಮುಂದಿನ ಗುಮ್ಮಟದ ಕೆಳಗೆ, ಮಸೀದಿಯ ಒಳಗೇ ಇರುವ ಕಾರಂಜಿಯಲ್ಲಿ ಬೆಟ್ಟದ ನೀರು ಬೀಳುವ ಸದ್ದು ಕೇಳುತ್ತಿದ್ದರೆ ಮಾತ್ರ ಅವನಿಗೆ ನಿದ್ದೆ.

ಎದುರಿನ ಚಹಾದಂಗಡಿಯ ನಾಜ್ಮಿಯನ್ನು ಕರೆದ.

“ಏನ್ ಹೋಜಾ, ಕಂಬಾನೂ ನಿನ್ ಥರ ಹಟ ಹಿಡೀತಾ?” ನಾಜ್ಮಿ ಅಂಗಿಯ ತೋಳು ಮಡಚಿದ. “ಸರಿ ಆ ಕಡೆ. ಜೀವಮಾನ ಪೂರ್ತಿ ಸಮೋವರ್ ಹಂಡೆ ಎತ್ತಿದ ಕೈ ಇದು.”

ಎರಡೂ ಕೈಯಲ್ಲಿ ಬಿಗಿಹಿಡಿದು ತಿರುವಿದ. ಕತ್ತಿನ ನರ ಉಬ್ಬಿತು. ಆಮೇಲೆ ಕೈಬಿಟ್ಟು, ಗೆಳೆಯನ ಮುಖ ನೋಡದೆ ಹೇಳಿದ: “ತಿರುಗ್ತಲ್ಲ, ಬೆಣ್ಣೆ ಹಾಗೆ. ನಿನ್ ಕೈಲೇ ಕಸುವಿಲ್ಲ ಮಾರಾಯ.”

“ಸದ್ದು ಬರ್ಲಿಲ್ಲ.”

“ಹಾಗಾದ್ರೆ ಕಿವೀನೂ ಹೋಯ್ತು, ಬಿಡು.”

“ಇವತ್ತು ಜುಮ್ಮಾ, ನಾಜ್ಮಿ. ನಿನ್ನ ಮೊಮ್ಮಕ್ಕಳೂ ಬರ್ತವೆ.”

ನಾಜ್ಮಿ ಮಡಚಿದ ತೋಳನ್ನು ನಿಧಾನವಾಗಿ ಇಳಿಸಿಕೊಂಡ. “ಸೆನಿಹಾ ಹೋದ್ಮೇಲೆ ನಿನ್ ಮನೇಲಿ ಒಂದ್ ರಾತ್ರಿನಾದ್ರೂ ಮಲಗಿದ್ದೀಯೇನೋ?”

ಶೆರಾಫೆತ್ತಿನ್ ಕಂಬದ ಸುದ್ದಿ ಹೇಳಲು ಇಮಾಮರ ಮನೆಯತ್ತ ಹೊರಟ.

ಆ ಮಧ್ಯಾಹ್ನ ನಮಾಜು ನಡೆದದ್ದು ಗೋಡೆಯಿಂದ ದೂರ, ಚಿನಾರ್ ಮರದ ಕೆಳಗೆ. ಬಾಂಗು ಕೊಡುವಾಗ ಅವನ ದನಿ ಗುಮ್ಮಟ ಸಿಗದೆ ಎಲೆಗಳಲ್ಲಿ ಚದುರಿಹೋಯಿತು. ಎಲ್ಲರೂ ಹೋದ ಮೇಲೆ ಹಾಸಿಗೆ ಸುತ್ತಿ ತಂದು, ತಾನೇ ಬೀಗ ಹಾಕಿದ. ಬಾಗಿಲಿಗೆ ಕಿವಿಯಿಟ್ಟ. ಒಳಗೆ ನೀರು ಬೀಳುತ್ತಲೇ ಇತ್ತು.

ಮನೆಯಲ್ಲಿ ಸೆನಿಹಾಳ ಚಪ್ಪಲಿ ಹೊಸಿಲ ಬಳಿ ಹಾಗೇ ಇತ್ತು. ಅವನು ದೀಪ ಹಚ್ಚಲಿಲ್ಲ. ಅಡುಗೆಮನೆಯಲ್ಲಿ ಅವಳ ತಾಮ್ರದ ಬೋಗುಣಿಯನ್ನು ನಲ್ಲಿಯ ಕೆಳಗಿಟ್ಟು, ತಿರುಪನ್ನು ಎಳೆಯಷ್ಟೇ ಸಡಿಲಿಸಿದ. ಮತ್ತೆ ಕೊಂಚ ಬಿಗಿದ. ಸದ್ದು ಸರಿಹೊಂದಿದ ಮೇಲೆ, ಅಲ್ಲೇ ನೆಲದ ಮೇಲೆ ಹಾಸಿಗೆ ಬಿಚ್ಚಿದ.