ಕೈಗೆ ಸಿಗದ ಗಂಟು

ನೋಂದಣಿ ಸಾಹೇಬರ ಮೇಜಿನ ಮೇಲೆ ಹಾಸಿದ ಕೆಂಪು ಬಟ್ಟೆಯಲ್ಲೊಂದು ಗಂಟು ಉಬ್ಬಿದೆ, ಯಾವ ಮಹಾರಾಯ ನೇಯ್ದನೋ, ಎಳೆ ಹರಿದರೆ ಹೀಗೆ ಕೂಡಿಸುವುದೇ — ಗಿರಮಲ್ಲಪ್ಪನ ಬೆರಳು ಮತ್ತೆ ಮತ್ತೆ ಅಲ್ಲೇ ತಾಗುತ್ತದೆ, ಅವನು ತಾಗಿಸುತ್ತಿಲ್ಲ, ಕೈ ತಾನೇ ಕುಣಿಯುತ್ತದೆ, ಕುಣಿ ಮಗನೇ ಕುಣಿ, ನಲವತ್ತು ವರ್ಷ ರಬಕವಿಯ ಮಗ್ಗದಲ್ಲಿ ಲಾಳಿ ಎಸೆದ ಕೈ. ಮಿರಜದ ಡಾಕ್ಟರರು ಮುಚ್ಚಿಡಲಿಲ್ಲ, ಇದು ವಾಸಿ ಆಗೂದಲ್ರಿ ಅಜ್ಜಾರ, ಇವತ್ತ ಕೈ, ನಾಳಿ ಕಾಲು, ಆಮ್ಯಾಲ ನಾಲಿಗಿ, ಮಾತು ಇರೂತನಕ ಕಾಗದಪತ್ರ ಮಾಡಿಸಿಬಿಡ್ರಿ. ಪುಣ್ಯಾತ್ಮ, ಅವನ ಹೊಟ್ಟೆ ತಣ್ಣಗಿರಲಿ. ಅದಕ್ಕೇ ಜಮಖಂಡಿಗೆ ಬಂದದ್ದು, ರಾಜರು ಹೋಗಿ ಮುಂಬಯಿ ಸರಕಾರ ಬಂದರೂ ಈ ಕಚೇರಿಗೆ ಅದೇ ಅರಗಿನ ವಾಸನೆ, ಅದಕ್ಕೇ ಈ ಮುಖತ್ಯಾರಪತ್ರ, ತನ್ನ ಪರವಾಗಿ ಮನೆ, ಮಗ್ಗ ಎಲ್ಲ ಸೊಸೆ ಶೇವಂತಿಯೇ ನೋಡಿಕೊಳ್ಳಲೆಂದು, ಇಲ್ಲದಿದ್ದರೆ ತಮ್ಮ ಅಪ್ಪಾಸಾಬ ನಾಲ್ಕೂ ಮಗ್ಗ ಮಾರಿಬಿಡುತ್ತಾನೆ, ಗಂಡ ಸತ್ತಾಕಿ ಕೈಯಾಗ ಕೊಡ್ತೀಯೇನೋ ಅಣ್ಣಾ, ಎಂದನಲ್ಲ, ಅವನ ಬಾಯಿಗೆ ಮಣ್ಣು ಬೀಳಲಿ. ಸಾಹೇಬರು ಹಿಂದೆ ನಿಂತ ಶೇವಂತಿಯನ್ನು ನೋಡಿ ಕೇಳಿದರು, ಈಕಿ ನಿಮಗ ಏನಾಗಬೇಕ್ರಿ? ಮಗಳ್ರಿ. ಬರೆಯುತ್ತಿದ್ದ ಸಾಹೇಬರ ಟಾಕು ನಿಂತಿತು. ಅಜ್ಜಾರ, ಇಲ್ಲಿ ಸೊಸಿ ಅಂತ ಐತಿ, ನಿಮಗ ಖಬರ ಐತೋ ಇಲ್ಲೋ? ಅಯ್ಯೋ, ಬುದ್ಧಿ ಸ್ಥಿಮಿತದಲ್ಲಿಲ್ಲ ಎಂದು ಬರೆದರೆ ಮುಗಿಯಿತು, ಶೇವಂತಿ ಬೀದಿಗೆ ಬಿದ್ದಳು, ಅದೂ ಈ ಹಾಳು ಬಾಯಿಂದ — ಮಾವಾರ, ಸೊಸಿ ಅನ್ರಿ, ಬೆನ್ನ ಹಿಂದಿನಿಂದ ಅವಳ ಪಿಸುಮಾತು, ಆದರೆ ಅವನು ಕಾಣುವುದು ಆ ದಿನವನ್ನು, ಮಗ ನೀಲಕಂಠ ಮಣ್ಣಾಗಿ ತಿಂಗಳಾಗಿತ್ತು, ಅರ್ಧ ನೇಯ್ದ ಸೀರೆ ಮಗ್ಗದಲ್ಲೇ, ಎಳೆ ಹರಿದು ಜೋತಿತ್ತು, ಮುಟ್ಟಲು ಯಾರಿಗೂ ಎದೆಯಿಲ್ಲ, ಈ ಹುಡುಗಿ ಸೆರಗು ಸಿಕ್ಕಿಸಿ ಕುಂತಳು, ಎಳೆ ಕೂಡಿಸಿದಳು, ಸೀರೆ ಮುಗಿಸಿದಳು, ತವರಿಗೆ ಹೋಗೆಂದರೆ, ನಿಮಗ ರೊಟ್ಟಿ ಯಾರು ಬಡೀತಾರ್ರಿ, ಎಂದಳು. ಸೊಸಿ ಖರೇರಿ ಸಾಹೇಬ್ರ, ಅವನೆಂದ, ಮಗಳು ಅಂದ್ರ ನಿಮ್ಮ ಕಾಗದ ಒಪ್ಪೂದಿಲ್ಲಲ್ರಿ, ಅದಕ್ಕ ಸೊಸಿ ಅಂತ ಬರಿಸೇನಿ. ಸಾಹೇಬರು ನಕ್ಕರು, ನಮಗಿಂತ ಛಲೋ ಖಬರ ಐತಿ ಬಿಡ್ರಿ, ಹೆಬ್ಬೆಟ್ಟು ಒತ್ರಿ. ಮಸಿ ತಣ್ಣಗೆ, ಕೈ ಕುಣಿತ, ಮೊದಲ ಗುರುತು ಹರಡಿತು, ಆಗ ಶೇವಂತಿ ಮುಂದೆ ಬಂದು ಅವನ ಮಣಿಕಟ್ಟು ಹಿಡಿದಳು, ಬಿಗಿಯಾಗಿ, ಕೈ ನಿಂತಿತು, ಹೆಬ್ಬೆಟ್ಟು ಗೆರೆಗೆರೆಯಾಗಿ ಮೂಡಿತು, ಬದುಕಿದೆ ತಾಯೀ, ಬದುಕಿಸಿದಿ, ಆ ಸೀರೆ ಮಗ್ಗದಿಂದ ಇಳಿದ ದಿನ ಮಗನ ನೇಯ್ಗೆ ಎಲ್ಲಿಗೆ ಮುಗಿದು ಇವಳದು ಎಲ್ಲಿಂದ ಶುರುವೆಂದು ಬೆರಳಾಡಿಸಿ ಹುಡುಕಿದ್ದ, ಈ ಕಡೆಯಿಂದ, ಆ ಕಡೆಯಿಂದ, ಕಣ್ಣು ಮುಚ್ಚಿ — ಗಂಟು ಸಿಗಲಿಲ್ಲ, ಇಡೀ ಸೀರೆ ಸವರಿದರೂ ಗಂಟು ಸಿಗಲಿಲ್ಲ